ಗದ್ದವಿಲ್ಲದ ಮುಖ ಮಾಡಿದ ಮಳೆಗಾಲ

ಈ ಸಲ ಜೂನಿನ ಮೊದಲಲ್ಲಿ ಮಿರಗದ ಮಳೆ ಹಿಡಿದ ಮೂರನೆಯ ದಿನ ಕಾರವಾರದಿಂದ ಗಾಂವಕರ ಮಾಸ್ತರರ ಫೋನು ಬಂತು.

"ಮಂಜುಳಾ, ನಿನ್ನ ಮಣ್ಣಿನ ಹೆಂಗಸಿನ ಬೆರಳು ಬಿರುಕು ಬಿಟ್ಟದೆ. ಆ ಮೂಲೆಗೆ ನೀರೂ ಇಳೀತಾ ಅದೆ. ಬಂದು ನೋಡಿ ಹೋಗ್ತೀಯಾ?"

ಒಂದು ಮುದ್ದೆ ಜೇಡಿಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಮಾಸ್ತರು ನಿವೃತ್ತರಾಗಿ ವರ್ಷವಾಗಿದ್ದರೂ ಹೈಸ್ಕೂಲಿನ ವಿಜ್ಞಾನ ಕೋಣೆಯ ಕೀಲಿಕೈ ಇನ್ನೂ ಅವರ ಕಿಸೆಯಲ್ಲೇ ಇದೆ. ಕೊಡಿ ಎಂದು ಕೇಳುವ ಧೈರ್ಯ ಯಾರಿಗೂ ಬಂದಿಲ್ಲ. ಅವರು ಬಾಗಿಲು ತೆಗೆದರು, ನಾನು ಮಣ್ಣಿನ ಗಂಟು ಬಿಚ್ಚಿದೆ. ಹಸಿ ಮಣ್ಣು, ನೆನೆದ ಹತ್ತಿ, ಬಟ್ಟೆಗೆ ಹಿಡಿದ ತೆಂಗಿನ ಸಿಪ್ಪೆಯ ಹೊಗೆ, ಈ ಮೂರರ ವಾಸನೆ ಆ ಮುಚ್ಚಿದ ಕೋಣೆಯಲ್ಲಿ ಒಟ್ಟಿಗೆ ಎದ್ದಿತು. ಎಂಟು ವರ್ಷದ ಹಿಂದಿನ ಆ ಮಳೆಗಾಲ ಪೂರ್ತಿ ನನ್ನ ಮೂಗಿನೊಳಗೇ ಕೂತಿತ್ತೇನೋ ಅನ್ನಿಸಿತು.

ನಮ್ಮದು ಹಾರವಾಡದಲ್ಲಿ ಗಣಪತಿ ಮಾಡುವ ಮನೆ. ಉಳಿದ ದಿನ ಗದ್ದೆ ಕೆಲಸ, ಮಿರಗದಿಂದ ಚೌತಿಯವರೆಗೆ ಮಣ್ಣಿನ ಕೆಲಸ. ನಮ್ಮ ಕಡೆ ಗಣಪತಿ ಬೇಕಾದವರು ಮೊದಲು ತಮ್ಮ ಮನೆಯ ಮಣೆ ತಂದು ಕೊಡಬೇಕು. ಆ ಮಣೆಯ ಮೇಲೇ ನಾವು ಗಣಪತಿಯನ್ನು ಕೂರಿಸಿ ಮಾಡುವುದು, ಚೌತಿಯ ದಿನ ಮಣೆಸಮೇತ ಹೊತ್ತುಕೊಂಡು ಹೋಗುವುದು. ಮಣೆಯ ಅಡಿಯಲ್ಲಿ ಬಣ್ಣದಿಂದ ಮನೆತನದ ಹೆಸರು ಬರೆದಿರುತ್ತದೆ. ನಾನು ಸಣ್ಣವಳಿದ್ದಾಗ ಹೆಸರಿಲ್ಲದ ಎರಡು ಮಣೆ ಬಂದು, ಇವರ ಗಣಪತಿ ಅವರ ಮನೆಗೂ ಅವರದ್ದು ಇವರ ಮನೆಗೂ ಹೋಗಿ, ಆರತಿಯೆಲ್ಲ ಮುಗಿದ ಮೇಲೆ ಗೊತ್ತಾಗಿ, ಎರಡೂ ಮನೆಯವರು ನಮ್ಮ ಜೊತೆ ಮೂರು ವರ್ಷ ಮಾತು ಬಿಟ್ಟಿದ್ದರು. ಅಂದಿನಿಂದ ಅಪ್ಪ ಹೆಸರಿಲ್ಲದ ಮಣೆಯನ್ನು ಮುಟ್ಟುವುದೇ ಇಲ್ಲ.

ಮನೆಯಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಮಣ್ಣಿನಿಂದ ಕಲ್ಲು ಆರಿಸುವುದು, ಹತ್ತಿ ಬೆರೆಸಿ ಕಾಲಿನಿಂದ ತುಳಿದು ಹದ ಮಾಡುವುದು, ಪೀತಾಂಬರದ ಅಂಚಿಗೆ ಬಣ್ಣ ಹಚ್ಚುವುದು ಹೆಂಗಸರ ಕೆಲಸ. ಮುಖಕ್ಕೆ ಮಾತ್ರ ಹೆಂಗಸರ ಕೈ ತಾಗಕೂಡದು. ಈ ಕಟ್ಟಳೆ ಮಾಡಿದವರು ಯಾರು ಎಂದು ಕೇಳಿದರೆ ಅಪ್ಪ ಅವರ ಅಪ್ಪನ ಫೋಟೋ ನೋಡುತ್ತಿದ್ದರು. ಆಗ ನನಗೆ ಇಪ್ಪತ್ನಾಲ್ಕು. ಹನ್ನೆರಡು ವರ್ಷ ಮಣ್ಣು ತುಳಿದು ಅಂಗಾಲು ಬೆಳ್ಳಗಾಗಿತ್ತು. ನನ್ನ ಕೈ ಮಾತ್ರ ಇಲಿಯ ಬಾಲ ದಾಟಿ ಮೇಲೆ ಹೋಗಿರಲಿಲ್ಲ.

ಆ ವರ್ಷ ಮಾಸ್ತರು ತಮ್ಮ ಮನೆಯ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ರಟ್ಟಿನ ಡಬ್ಬ ಹಿಡಿದುಕೊಂಡು ಬಂದರು. ಡಬ್ಬದಲ್ಲಿ ಪ್ಲಾಸ್ಟರಿನ ಒಂದು ತಲೆಬುರುಡೆ ಇತ್ತು. ಆಯಿ, ನನ್ನ ತಾಯಿ, ಅದನ್ನು ನೋಡಿದವಳೇ ಚಹದ ಲೋಟ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ನಾರಾಯಣಾ, ಶಾಲೆಗೆ ಒಂದು ಹೆಂಗಸಿನ ಮೂರ್ತಿ ಬೇಕು," ಎಂದರು ಮಾಸ್ತರು. "ಈಗಿನ ಹೆಂಗಸಲ್ಲ. ಹೋಮೋ ಎರೆಕ್ಟಸ್ ಅಂತ, ನಮಗಿಂತ ಹಿಂದೆ ಭೂಮಿ ಮೇಲಿದ್ದ ಮನುಷ್ಯರ ಜಾತಿ. ಪೂರಾ ನಾಶ ಆಗಿ ಹೋಗಿದೆ. ಹೊಳೆ ದಂಡೆ ಮೇಲೆ ಕುಕ್ಕರುಗಾಲಲ್ಲಿ ಕೂತು ಚಿಪ್ಪು ಒಡೀತಾ ಇರಬೇಕು. ಎರಡು ಮೊಳ ಎತ್ತರ ಸಾಕು."

ಅಪ್ಪ ಮಣೆಗಳ ಸಾಲಿನತ್ತ ಕೈ ತೋರಿಸಿದರು. "ಇಷ್ಟು ಮಣೆ ಬಂದು ಕೂತದೆ ಮಾಸ್ತರೇ. ಈ ಮಳೇಲಿ ಒಣಗಿಸೂದೇ ಕಷ್ಟ. ನಂಗೆ ಆಗೂದಿಲ್ಲ."

"ನಾ ಮಾಡ್ತೆ," ಎಂದೆ. ಮಣ್ಣು ತುಳಿಯುತ್ತಿದ್ದ ಜಾಗದಿಂದಲೇ ಹೇಳಿದ್ದು. ಮೂವರೂ ನನ್ನ ಕಡೆ ತಿರುಗಿದರು.

ಅಪ್ಪ ಒಂದು ಗಳಿಗೆ ಯೋಚಿಸಿ, "ಮಾಡ್ಲಿ. ಅದೇನು ದೇವರಲ್ಲ, ಯಾರ ಕೈ ಆದ್ರೂ ಆಗ್ತದೆ," ಎಂದರು.

ಒಪ್ಪಿಗೆ ಸಿಕ್ಕಿತು. ಆದರೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತು. ಯಾರ ಕೈ ಆದರೂ ಅಲ್ಲ, ನನ್ನ ಕೈ ಎಂದು ತೋರಿಸದಿದ್ದರೆ ನಾನು ಅಪ್ಪನ ಮಗಳೇ ಅಲ್ಲ ಎಂದುಕೊಂಡೆ. ಬಾಯಿಬಿಟ್ಟೂ ಹೇಳಿದೆ: "ಮಾಸ್ತರು ನೋಡಿ ಸರಿ ಅಂದ್ರೆ, ಮುಂದಿನ ವರ್ಷದಿಂದ ಗಣಪತಿ ಮುಖ ನಾನೂ ಮಾಡ್ತೆ ಅಪ್ಪಾ. ಈಗ್ಲೇ ಹೇಳಿಬಿಡು."

"ನೋಡ್ವಾ," ಎಂದರು ಅಪ್ಪ. ನಮ್ಮ ಮನೆಯಲ್ಲಿ 'ನೋಡ್ವಾ' ಎಂದರೆ ಅರ್ಧಕ್ಕಿಂತ ಜಾಸ್ತಿ 'ಇಲ್ಲ'. ಉಳಿದ ಚೂರನ್ನು ನಾನು ಹಿಡಿದುಕೊಂಡೆ.

ಜಗಲಿಯಲ್ಲಿ ನನಗೆ ಜಾಗ ಸಿಗಲಿಲ್ಲ. "ಮಣೆ ಬಂದದ್ದು ಮಾತ್ರ ಇಲ್ಲಿ ಕೂಡ್ರೂದು," ಎಂದು ಅಪ್ಪ ಖಡಕ್ಕಾಗಿ ಹೇಳಿದರು. ನನ್ನ ಹೆಂಗಸು ಮಣೆಯಿಲ್ಲದವಳು. ಹಾಗಾಗಿ ದನ ಮಾರಿ ಖಾಲಿಯಾಗಿದ್ದ ಕೊಟ್ಟಿಗೆಯಲ್ಲಿ ಒಂದು ಪ್ಲೈವುಡ್ ಹಲಗೆಯ ಮೇಲೆ ಅವಳನ್ನು ಕೂರಿಸಲು ಶುರುಮಾಡಿದೆ. ಬೆಳಿಗ್ಗೆ ಜಗಲಿಯ ಮಣ್ಣು ತುಳಿದು, ಊಟ ಮುಗಿಸಿ, ಮಧ್ಯಾಹ್ನ ಪೂರ್ತಿ ಕೊಟ್ಟಿಗೆ. ಆ ಆಷಾಢದಲ್ಲಿ ಮಳೆ ಬಿಟ್ಟ ನೆನಪೇ ನನಗಿಲ್ಲ. ಮಣ್ಣು ಒಣಗಲಿ ಎಂದು ಕೆಳಗೆ ತೆಂಗಿನ ಸಿಪ್ಪೆ ಹಾಕಿ ಹೊಗೆ ಎಬ್ಬಿಸಿದರೆ ಮೂರ್ತಿಗಿಂತ ಮೊದಲು ನಾನೇ ಒಣಗುತ್ತಿದ್ದೆ.

ಮಾಸ್ತರು ಭಾನುವಾರಕ್ಕೊಮ್ಮೆ ಬಂದು ಪಾಠ ಹೇಳುತ್ತಿದ್ದರು. ಈ ಜನ ಸುಮಾರು ಹತ್ತೊಂಬತ್ತು ಲಕ್ಷ ವರ್ಷದ ಹಿಂದೆ ಆಫ್ರಿಕಾದಲ್ಲಿ ಕಾಣಿಸಿಕೊಂಡರು, ಅಲ್ಲಿಂದ ನಡೆದು ನಡೆದು ಜಾವಾದ ತನಕ ಬಂದರು, ಕೊನೆಯವರು ಅಲ್ಲೇ ಸುಮಾರು ಲಕ್ಷ ವರ್ಷದ ಹಿಂದೆ ಕಣ್ಮರೆಯಾದರು. ಅಷ್ಟು ದೊಡ್ಡ ಲೆಕ್ಕ ನನ್ನ ತಲೆಗೆ ಹೋಗಲಿಲ್ಲ. ಮಾಸ್ತರು ನಕ್ಕು, "ಅವರು ಬದುಕಿದ ಕಾಲ ಕಾರವಾರದಿಂದ ಅಂಕೋಲೆ ತನಕದ ದಾರಿ ಅಂದ್ರೆ, ನಮ್ಮ ಜಾತಿಯ ಮನುಷ್ಯರು ಕಾರವಾರ ಬಿಟ್ಟು ಇನ್ನೂ ಬಿಣಗಾ ದಾಟಲಿಲ್ಲ," ಎಂದರು. ಆ ದಾರಿಯಲ್ಲಿ ಬಸ್ಸಿನಲ್ಲಿ ನಿಂತುಕೊಂಡು ಹೋದವಳು ನಾನು. ಬಿಣಗಾ ಎಷ್ಟು ಬೇಗ ಬರುತ್ತದೆ, ಅಂಕೋಲೆ ಎಷ್ಟು ಹೊತ್ತಿಗೂ ಬರುವುದಿಲ್ಲ ಎಂಬುದು ಕಾಲಿಗೇ ಗೊತ್ತಿತ್ತು. ಅವತ್ತಿನಿಂದ ಅವಳ ಮೇಲೆ ನನಗೊಂದು ಮರ್ಯಾದೆ ಹುಟ್ಟಿತು.

"ಹಂಗಾದ್ರೆ ಇವಳು ನಮ್ಮ ಅಜ್ಜಿಯಾ?" ಎಂದು ಆಯಿ ಬಾಗಿಲಲ್ಲಿ ನಿಂತು ಕೇಳಿದಳು.

"ಆಫ್ರಿಕಾದಲ್ಲಿ ಉಳಿದವರ ಒಂದು ಕವಲಿಂದ ನಾವು ಬಂದದ್ದು ಅಂತ ತುಂಬಾ ಜನ ಹೇಳ್ತಾರೆ. ಪೂರಾ ತೀರ್ಮಾನ ಆಗಿಲ್ಲ. ಈ ಜಾವಾದವಳ ಕವಲು ಅಲ್ಲೇ ಮುಗಿದುಹೋಯ್ತು. ಇವಳು ಅಜ್ಜಿ ಅಲ್ಲ, ಅಜ್ಜಿಯ ಅಕ್ಕ ಅಂತ ಇಟ್ಕೊ."

"ದೊಡ್ಡಾಯಿ ಅನ್ನಿ ಮತ್ತೆ," ಎಂದಳು ಆಯಿ. ಅವಳ ಪಾಲಿಗೆ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಜಗಲಿಯಿಂದ ಅಪ್ಪನ ದನಿ ಬಂತು. "ಹಿಂದೆ ಮುಂದೆ ಯಾರೂ ಇಲ್ದವಳು ಅಂದಂಗಾಯ್ತು. ಅವಳಿಗೆ ಮಣೆ ಯಾರು ತಂದು ಕೊಡೂದು?"

ದೇಹ ಸುಲಭವಾಗಿ ಬಂತು. ಕುತ್ತಿಗೆಯಿಂದ ಕೆಳಗೆ ಆ ಜನ ಹೆಚ್ಚುಕಡಿಮೆ ನಮ್ಮಂತೆಯೇ ಇದ್ದರಂತೆ, ಅದೇ ಉದ್ದ ಕಾಲು, ಅದೇ ನೇರ ಬೆನ್ನು. ನಾನು ಆಯಿಯನ್ನೇ ಎದುರಿಗೆ ಕೂರಿಸಿದೆ. ಅವಳ ತವರು ಚಿತ್ತಾಕುಲ. ಕಾಳಿ ಹೊಳೆಯ ನೀರು ಇಳಿದಾಗ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕಿ ಬೆಳೆದವಳು. ಕುಕ್ಕರುಗಾಲಲ್ಲಿ ಒಂದು ಗಂಟೆ ಕೂತರೂ ಕಾಲು ಜೋಮು ಹಿಡಿಯುವುದಿಲ್ಲ.

"ಕುತ್ತಿಗೆಯಿಂದ ಕೆಳಗೆ ನಾನಾದ್ರೆ, ಮೇಲಿನ ತಲೆ ಯಾರ್ದೇ? ನಿನ್ನ ಅಪ್ಪಂದಾ?" ಎಂದು ಅವಳು ಕೇಳಿದ್ದು ಜಗಲಿಗೂ ಕೇಳಿಸಿತು.

ಜಾವಾದಲ್ಲಿ ಆ ಜನರ ಎಲುಬಿನ ಜೊತೆ ಸಿಕ್ಕಿದ ಹಳೆಯ ಚಿಪ್ಪುಗಳಲ್ಲಿ ಒಂದೇ ಜಾಗದಲ್ಲಿ ತೂತು ಇದೆಯಂತೆ. ಒಳಗಿನ ಮಾಂಸ ಚಿಪ್ಪನ್ನು ಬಿಗಿಹಿಡಿದಿರುವ ಸರಿಯಾದ ಜಾಗ ಹುಡುಕಿ, ಶಾರ್ಕಿನ ಹಲ್ಲಿನಂಥ ಚೂಪಾದದ್ದರಿಂದ ಕೊರೆದದ್ದು ಎನ್ನುತ್ತಾರೆ. ಅಲ್ಲಿ ಹಿಡಿತ ಬಿಟ್ಟರೆ ಚಿಪ್ಪು ತಾನಾಗಿ ಬಾಯಿ ಬಿಡುತ್ತದೆ. ಮಾಸ್ತರು ಇದನ್ನು ದೊಡ್ಡ ಸುದ್ದಿಯಂತೆ ಹೇಳಿದರು. ಆಯಿ ಒಂದು ಬಳಚು ತೆಗೆದು, ಮಾಂಸದ ಗಂಟಿನ ಹತ್ತಿರ ಕತ್ತಿಯ ತುದಿ ಇಟ್ಟು ಒಮ್ಮೆ ಮೀಟಿ, ಬಿಚ್ಚಿ ತೋರಿಸಿದಳು.

"ಇದೇ ಜಾಗ ಅಲ್ದೇ? ಮತ್ತೆ ಬೇರೆ ಎಲ್ಲಿ ಚುಚ್ಚೂದು? ಬುದ್ಧಿ ಇದ್ದವಳೇ ಸೈ ದೊಡ್ಡಾಯಿ."

ನನ್ನ ಕಷ್ಟ ಶುರುವಾದದ್ದು ಕುತ್ತಿಗೆಯ ಮೇಲೆ. ಮೊದಲ ತಲೆಗೆ ನಾನು ಐದು ದಿನ ಕೊಟ್ಟೆ. ನನಗೆ ತುಂಬಾ ಚೆನ್ನಾಗಿ ಬಂದಿದೆ ಅನ್ನಿಸಿತ್ತು. ಆಯಿ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಕುಂಕುಮ ಹಚ್ಚೂಕೆ ಒಳ್ಳೆ ಜಾಗ ಬಿಟ್ಟೀಯಲ್ಲೇ ಮಾರಾಯ್ತಿ!" ನೋಡಿದರೆ ನಿಜ. ಅಗಲ ಹಣೆ, ದುಂಡು ಗದ್ದ, ತುಟಿಯ ಅಂಚಿನಲ್ಲಿ ಸಣ್ಣ ನಗೆ. ನಾನು ಚಿಪ್ಪು ಒಡೆಯುವ ಗೌರಿಯನ್ನು ಮಾಡಿಟ್ಟಿದ್ದೆ.

ಮುರಿದು ಮತ್ತೆ ಮಾಡಿದೆ. ಹಟದಿಂದ ಹುಬ್ಬಿನ ಎಲುಬು ದಪ್ಪ ಮಾಡಿದೆ, ಹಣೆ ಹಿಂದಕ್ಕೆ ತಳ್ಳಿದೆ, ಬಾಯಿ ಮುಂದಕ್ಕೆ ಎಳೆದೆ. ಎಳೆದದ್ದು ಎಷ್ಟೆಂದರೆ, ಭಾನುವಾರ ಮಾಸ್ತರು ಬಂದು ನೋಡಿದವರೇ, "ಮಂಜುಳಾ, ಇದು ಮಾರುತಿ," ಎಂದರು.

ನನಗೆ ಅಳು ಬಂತು, ಸಿಟ್ಟೂ ಬಂತು. ಮಾಸ್ತರು ಅವತ್ತು ನಗಲಿಲ್ಲ. "ಇವಳು ಮಂಗ ಅಲ್ಲ. ಮಂಗಗಳ ಕವಲು ಬೇರೆಯಾಗಿ ಎಷ್ಟೋ ಕಾಲ ಆದಮೇಲೆ ಹುಟ್ಟಿದವಳು. ಕಲ್ಲು ಒಡೆದು ಅಲಗು ಮಾಡ್ತಿದ್ದ ಜನ. ಇವಳು ಮನುಷ್ಯಳೇ. ಆದ್ರೆ ನಾವಲ್ಲ. ಅಷ್ಟೇ ನೆನಪಿಟ್ಕೊ," ಎಂದು ಹೇಳಿ, ಆ ಪ್ಲಾಸ್ಟರ್ ಬುರುಡೆಯನ್ನು ನನ್ನ ಮಡಿಲಲ್ಲೇ ಇಟ್ಟು ಹೋದರು.

ಗಣಪತಿ ಬಿಟ್ಟರೆ ನಮ್ಮ ಮನೆಯ ಕೈಗೆ ಬರುತ್ತಿದ್ದುದು ಎರಡೇ ಮುಖ. ದೇವಿಯದ್ದೊಂದು, ಮಾರುತಿಯದ್ದೊಂದು. ನಡುವಿನ ಮುಖವನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ, ಯಾರೂ ಮಾಡಿರಲಿಲ್ಲ. ನಾನೂ ಮುಖ ಮಾಡಲು ಯಾರಿಂದಲೂ ಕಲಿತವಳಲ್ಲ, ಮಣ್ಣು ತುಳಿಯುತ್ತ ಓರೆಗಣ್ಣಿನಿಂದ ಕದ್ದು ಕಲಿತವಳು. ಹಾಗೆ ಕದಿಯುವಾಗ ಅಪ್ಪನ ತಪ್ಪನ್ನೂ ಸರಿಯನ್ನೂ ಒಟ್ಟಿಗೇ ಕದ್ದಿದ್ದೆ.

ಶ್ರಾವಣದ ಮೊದಲ ವಾರ ಅಪ್ಪ ಮುಖಗಳಿಗೆ ಕೈ ಹಾಕಿದಾಗ ನಾನು ಜಗಲಿಯ ಕಂಬಕ್ಕೆ ಒರಗಿ ಕೂತು, ಈ ಸಲ ಓರೆಗಣ್ಣು ಬಿಟ್ಟು ನೇರವಾಗಿಯೇ ನೋಡಿದೆ. ಹೆಬ್ಬೆಟ್ಟನ್ನು ಮಲಗಿಸಿ ಅಳೆಯುತ್ತಿದ್ದರು. ಗೌರಿಯ ಮುಖಕ್ಕೆ ಗದ್ದದಿಂದ ಮೂಗಿನ ಬುಡಕ್ಕೆ ಒಂದು ಹೆಬ್ಬೆಟ್ಟು, ಮೂಗಿಗೊಂದು, ಹಣೆಗೊಂದು. ಮೂರೂ ಸಮ. ನನ್ನ ಹೆಬ್ಬೆಟ್ಟೂ ನನ್ನನ್ನು ಕೇಳದೆ ಇದೇ ಅಳತೆ ಹಾಕುತ್ತಿತ್ತು. ಎಷ್ಟು ಸಲ ಮುರಿದರೂ ಹಣೆ, ಗದ್ದ ಹುಟ್ಟಿ ಬರುತ್ತಿದ್ದುದು ಅದಕ್ಕೇ.

ಆವತ್ತು ಇನ್ನೊಂದನ್ನೂ ನೋಡಿದೆ. ಅಪ್ಪ ಅಳೆಯುತ್ತಿದ್ದುದು ಬರೀ ಹೆಬ್ಬೆಟ್ಟಿನಿಂದ. ಮುಖದ ಕಡೆ ನೋಡುತ್ತಲೇ ಇರಲಿಲ್ಲ. ಬೆಳಕು ಕಡಿಮೆ ಎಂದುಕೊಂಡು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಕೊಟ್ಟಿಗೆಗೆ ಹೋಗಿ ಬುರುಡೆಯನ್ನು ಎದುರಿಗಿಟ್ಟುಕೊಂಡು, ಅದರ ಮೇಲೆ ಹೆಬ್ಬೆಟ್ಟು ಮಲಗಿಸಿದೆ. ಹಣೆಗೆ ಅರ್ಧ ಹೆಬ್ಬೆಟ್ಟೂ ಇಲ್ಲ, ಹುಬ್ಬಿನ ಮೇಲೆ ಅದು ಹಿಂದಕ್ಕೆ ಜಾರಿಹೋಗುತ್ತದೆ. ಹುಬ್ಬಿನ ಎಲುಬು ಕಣ್ಣಿನ ಮೇಲೆ ಇಳಿಸಿದ ಮಾಡಿನ ಹಾಗೆ. ಕೆಳಹಲ್ಲಿನಿಂದ ಕೆಳಗೆ ಬೆರಳು ಎಲ್ಲೂ ತಡೆಯದೆ ಒಳಕ್ಕೆ ಇಳಿಯುತ್ತದೆ. ಗದ್ದ ಎನ್ನುವುದೇ ಇಲ್ಲ. ಗದ್ದದ ಮುಂಚಾಚು ಇರುವುದು ನಮ್ಮ ಜಾತಿಗೆ ಮಾತ್ರ ಎಂದು ಮಾಸ್ತರು ಹೇಳಿದ್ದರು, ಆ ಮಾತು ಬೆರಳಿಗೆ ಅರ್ಥವಾದದ್ದು ಆವತ್ತು. ಹೊಸ ಅಳತೆಯನ್ನು ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕಿ ಬರೆದೆ. ನಮ್ಮ ಮನೆಯಲ್ಲಿ ಎಷ್ಟೋ ತಲೆಮಾರಿನಿಂದ ಇಲ್ಲದ ಅಳತೆ. ಕೈ ಹಳೆಯ ದಾರಿಗೆ ಎಳೆದಾಗಲೆಲ್ಲ ಎದ್ದು ಹೋಗಿ ಗೋಡೆ ನೋಡಿ ಬರುತ್ತಿದ್ದೆ. ಒಂಬತ್ತನೆಯ ದಿನ ಅವಳು ಬಂದಳು. ದೇವಿಯಲ್ಲ, ಮಾರುತಿಯಲ್ಲ. ಬಾಗಿ, ಕೈಯಲ್ಲಿನ ಚಿಪ್ಪಿನ ಮೇಲೇ ಧ್ಯಾನವಿಟ್ಟ ಒಬ್ಬ ಹೆಂಗಸು.

ಆ ಮಧ್ಯಾಹ್ನ ಅಪ್ಪ ಮೊದಲ ಸಲ ಕೊಟ್ಟಿಗೆಗೆ ಬಂದರು. ಏನೂ ಕೇಳದೆ ಅವಳೆದುರು ಕೂತು, ಕಣ್ಣು ಮುಚ್ಚಿ, ಹಸಿ ಮಣ್ಣಿಗೆ ತಾಗಿಯೂ ತಾಗದ ಹಾಗೆ ಹುಬ್ಬಿನಿಂದ ಕೆಳಗೆ ಹೆಬ್ಬೆಟ್ಟು ಇಳಿಸಿದರು. ತುಟಿಯ ಕೆಳಗೆ ಅದು ನಿಂತಿತು.

"ಗದ್ದ ಇಲ್ಲ."

"ಇಲ್ಲ. ಅವರಿಗೆ ಇರ್ಲಿಲ್ಲ."

"ಈ ಅಳತೆ ಯಾರು ಕಲಿಸಿದ್ರು?"

"ಅವಳೇ," ಎಂದು ಬುರುಡೆ ತೋರಿಸಿದೆ.

ಅಪ್ಪ ಹೆಬ್ಬೆಟ್ಟನ್ನು ಮತ್ತೆ ಮೇಲೆ, ಕಣ್ಣಿನ ಗುಳಿಗೆ ತಂದರು. ಕೇಳಿದರು: "ಕಣ್ಣು ಯಾವಾಗ ಬರೀತಿ?"

"ಒಣಗಿದ ಮೇಲೆ ನೀನು ಬರೀತಿ ಅಂತ..." ಅಷ್ಟು ಹಟ ಮಾಡಿದವಳಿಗೂ ಕಣ್ಣಿನ ವಿಷಯ ಬಂದಾಗ ಧೈರ್ಯ ಸಾಲದೆ ಹೋಗಿತ್ತು.

"ನಂಗೆ ಕಾಣೂದಿಲ್ಲ ಮಗಾ," ಎಂದರು ಅಪ್ಪ. ಮಳೆ ಬರುತ್ತಿದೆ ಎಂದಷ್ಟೇ ಸಾದಾ ಹೇಳಿದರು. "ಹೋದ ವರ್ಷವೇ ಕುಂಚದ ತುದಿ ಮಸುಕಾಗಿತ್ತು. ಈ ವರ್ಷ ಕುಂಚವೇ ಮಸುಕು. ಮೂಗು, ಬಾಯಿ ಎಲ್ಲಾ ಬೆರಳೇ ಮಾಡ್ತದೆ. ಕಣ್ಣು ಬರೀಲಿಕ್ಕೆ ಬೆರಳಿಗೆ ಬರೂದಿಲ್ಲ. ಜಗಲಿಲಿ ಇದ್ದವರಿಗೂ ಯಾರು ಬರೀತಾರೆ ಅಂತ ಯೋಚನೆ ಮಾಡ್ತಾ ಇದ್ದೆ."

ನಾನು ಅವರ ಕೈ ಹಿಡಿದುಕೊಂಡೆ. ಇಷ್ಟು ದಿನ ಇವರ ಮೇಲೆ ಹಲ್ಲು ಕಡಿದುಕೊಂಡೇ ಮಣ್ಣು ಮೆತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು. ಅಪ್ಪ ಕೈ ಬಿಡಿಸಿಕೊಂಡು, "ಅಳೂಕೆ ಚೌತಿ ಮುಗೀಲಿ. ಮೊದಲು ಇವಳಿಗೆ ಬರಿ. ಇವಳದ್ದು ಸರಿ ಬಂದ್ರೆ ಅಲ್ಲಿ ಜಗಲಿಗೆ ಬಾ," ಎಂದು ಎದ್ದು ಹೋದರು.

ಗಣಪತಿಯ ಕಣ್ಣು ಎದುರಿಗಿದ್ದವರನ್ನು ನೋಡಬೇಕು, ದರ್ಶನ ಕೊಡುವ ಕಣ್ಣು ಅದು. ಅವಳಿಗೆ ಆ ಹೊತ್ತಿಲ್ಲ, ಕೈಯಲ್ಲಿ ಕೆಲಸವಿದೆ. ಆಯಿ ಬಳಚು ಬಿಚ್ಚುವಾಗ ನೋಡುವ ಹಾಗೆ, ನಾನು ಅವಳ ನೋಟವನ್ನು ಚಿಪ್ಪಿನ ಗಂಟಿಗೆ ಇಳಿಸಿದೆ. ಕಾಡಿಗೆ ಬೇಡ, ಕಂದು ಬಣ್ಣ ಸಾಕು. ಬಲಗಣ್ಣು ಬರೆದು ಉಸಿರು ಬಿಟ್ಟೆ, ಎಡಗಣ್ಣು ಬರೆದು ಎದ್ದು ನಿಂತೆ. ಮಾಸ್ತರು ಬಂದು ನೋಡಿದರು. ಅವರು 'ಸರಿ' ಎಂದು ಹೇಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಆಯಿಯ ಕಡೆ ತಿರುಗಿ, "ದೊಡ್ಡಾಯಿ ಬಂದ್ರು," ಎಂದರು.

ಅವಳನ್ನು ಕಾರವಾರಕ್ಕೆ ಸಾಗಿಸುವ ದಿನ ನಾನು ಜೊತೆಗೆ ಹೋಗಲಿಲ್ಲ. ಚೌತಿಗೆ ಐದೇ ದಿನ ಉಳಿದಿತ್ತು, ಜಗಲಿಯ ತುಂಬ ಕಣ್ಣಿಲ್ಲದ ಗಣಪತಿಗಳು ನನ್ನನ್ನು ಕಾಯುತ್ತಿದ್ದವು. ಮಾಸ್ತರು ತಂದ ಟೆಂಪೋದಲ್ಲಿ ಅಪ್ಪನೇ ಅವಳನ್ನು ಹಿಡಿದುಕೊಂಡು ಕೂತು ಹೋದರು, ಶಾಲೆಯಲ್ಲಿ ಕೂರಿಸಿ ಬಂದರು. ನಾನು ಬೆಳಗಿನಿಂದ ಸಂಜೆಯವರೆಗೆ ಕಣ್ಣು ಬರೆದೆ. ಚೌತಿಯ ದಿನ ಮಣೆ ಒಯ್ಯಲು ಬಂದ ಒಬ್ಬರು, "ಈ ಸಲ ಕಣ್ಣು ಯಾರ್ದು ನಾರಾಯಣಣ್ಣ? ನೋಡ್ತಾ ನಿಂತ್ಕೊಳ್ಳೂ ಹಂಗೆ ಅದೆ," ಎಂದರು. ಅಪ್ಪ ಗದ್ದದಿಂದಲೇ ನನ್ನ ಕಡೆ ತೋರಿಸಿದರು. ಕಟ್ಟಳೆ ಮುರಿದದ್ದು ಇಷ್ಟೇ ಸದ್ದಿನಲ್ಲಿ.

ಆ ಚೌತಿಗೆ ನಮ್ಮ ಮನೆಯ ಗಣಪತಿ ಹೊಸ ಮಣೆಯ ಮೇಲೆ ಕೂತಿದ್ದ. ಅಜ್ಜನ ಕಾಲದ ಹಲಸಿನ ಮಣೆ ಎಲ್ಲಿ ಎಂದು ಕೇಳಿದ್ದೆ. "ಒರಲೆ ಹಿಡ್ದಿತ್ತು, ಬಿಸಾಡ್ದೆ," ಎಂದಿದ್ದರು ಅಪ್ಪ. ಹಲಸಿಗೆ ಗೆದ್ದಲು ಹಿಡಿಯುತ್ತದೆಯೇ ಎಂದು ಕೇಳುವಷ್ಟು ಪುರಸೊತ್ತು ನನಗೆ ಆಗ ಇರಲಿಲ್ಲ.

ಈಗ ವಿಜ್ಞಾನ ಕೋಣೆಯಲ್ಲಿ ಅವಳ ಬಿರುಕಿಗೆ ಮಣ್ಣು ತುಂಬಿ, ನೀರು ಇಳಿಯುವ ಮೂಲೆಯಿಂದ ಅವಳನ್ನು ತೆಗೆದು ಬೇರೆ ಕಡೆ ಇಡಬೇಕಿತ್ತು. ಹೊಳೆದಂಡೆಯಂತೆ ಕಾಣಲೆಂದು ಸುತ್ತ ಹಾಕಿದ್ದ ಮರಳನ್ನೂ ಚಿಪ್ಪುಗಳನ್ನೂ ನಾನೇ ಬದಿಗೆ ಸರಿಸಿದೆ. ಎಂಟು ವರ್ಷದಲ್ಲಿ ಎಷ್ಟೋ ಸಲ ಬಂದು ನೋಡಿದ್ದೆ, ಮರಳು ಸರಿಸಿರಲಿಲ್ಲ. ಕೆಳಗೆ ನನ್ನ ಪ್ಲೈವುಡ್ ಹಲಗೆ ಇತ್ತು, ಅದರ ಕೆಳಗೆ ಕಪ್ಪಗೆ ಹೊಳೆಯುವ ಹಲಸಿನ ಮಣೆ. ಶಾಲೆಯ ಜವಾನ ಮತ್ತು ಮಾಸ್ತರು ಎರಡು ಕಡೆ ಹಿಡಿದು ಮಣೆಸಮೇತ ಎತ್ತಿದರು. ನಾನು ನೆಲಕ್ಕೆ ತಲೆ ತಾಗಿಸಿ ಮಣೆಯ ಅಡಿ ನೋಡಿದೆ.

ಅಜ್ಜನ ಕೈಯಲ್ಲಿ ಬರೆದ ನಮ್ಮ ಮನೆತನದ ಹೆಸರು, ಹಾರವಾಡ ಎಂದು ಊರಿನ ಹೆಸರು. ಅದರ ಕೆಳಗೆ ಬೇರೆ ಕೈಯ ದೊಡ್ಡ ದೊಡ್ಡ ಅಕ್ಷರ, ಸಾಲು ಸೊಟ್ಟ, ಒಂದು ಅಕ್ಷರದ ಮೇಲೆ ಇನ್ನೊಂದು ಅರ್ಧ ಹತ್ತಿದ್ದು, ಕಾಣದ ಕಣ್ಣಿನಿಂದ ಬರೆದದ್ದು: 'ದೊಡ್ಡಾಯಿ'.

"ನಿಮಗೆ ಗೊತ್ತಿತ್ತಾ ಮಾಸ್ತರೇ?" ಎಂದೆ.

"ಹೇಳಬಾರ್ದು ಅಂತ ನಿನ್ನ ಅಪ್ಪ ಆಣೆ ಹಾಕಿಸ್ಕೊಂಡಿದ್ದ," ಎಂದರು ಮಾಸ್ತರು. "ಬೇಗ ಹೇಳು, ಎಲ್ಲಿ ಇಡೂದು? ಕೈ ಸೋಲ್ತದೆ."

ಸಂಜೆ ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಕೂತು ಈ ವರ್ಷದ ಮಣೆಗಳನ್ನು ಒಂದೊಂದಾಗಿ ಮಗುಚಿ ಅಡಿಯ ಹೆಸರು ಓದುತ್ತಿದ್ದರು. ಕಣ್ಣಿನ ಆಪರೇಷನ್ ಆದ ಮೇಲೆ ಅವರಿಗೆ ಎಲ್ಲವನ್ನೂ ಓದುವ ಚಟ ಹತ್ತಿದೆ. ನಾನು ಎದುರಿಗೆ ಕೂತು ಕೇಳಿಯೇಬಿಟ್ಟೆ.

"ಅಪ್ಪಾ, ಹಲಸಿನ ಮಣೆ ಅವಳಿಗೆ ಕೊಟ್ಟಿದ್ಯಲ್ಲ. ಹೆಸರನ್ನೂ ಬರದೀಯಲ್ಲ."

ಅಪ್ಪ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಮಣೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರು.

"ಮತ್ತೆಂತಾ ಮಾಡೂದು? ಹೆಸರಿಲ್ಲದೆ ಕಳಿಸಿದ್ರೆ ಬೇರೆಯವರ ಮನೆಗೆ ಹೋಗ್ತಿತ್ತು."